ಹಾಲುವಾಣದ ಮರದಲ್ಲಿ ಬೆಳ್ಗಣ್ಣಗಳು

ಚಿಕ್ಕಮಗಳೂರಿಗೆ ಬಂದವರು ಮುಳ್ಳಯ್ಯನಗಿರಿ ಹತ್ತದೆ ಹೋಗುತ್ತಾರಾ? 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ. ನಾವೂ ಹತ್ತಿದೆವು. ಗಾಳಿ ಜೋರಾಗಿತ್ತು, ಜನ ಜಾಸ್ತಿ ಇದ್ದರು. ನನ್ನ ಮನಸ್ಸು ನಿಂತಿದ್ದು ಮಾತ್ರ ಗಿರಿಯ ತಪ್ಪಲಿನ ಕಾಫಿ ತೋಟದಲ್ಲಿ.

ಫೆಬ್ರವರಿ ಕೊನೆ. ಕೊಯ್ಲು ಮುಗಿಯುತ್ತಾ ಬಂದಿತ್ತು, ಕಣದಲ್ಲಿ ಕಾಫಿ ಒಣಗುತ್ತಿತ್ತು. ಕಾಫಿಗೆ ನೆರಳಾಗಲೆಂದು ಬೆಳೆಸಿದ ಹಾಲುವಾಣದ ಮರ ಎಲೆ ಉದುರಿಸಿತ್ತು, ಮೈತುಂಬಾ ಕೆಂಪು ಹೂ. ಅಲ್ಲಿಂದ ಸಣ್ಣಗೆ ‘ಚೀ, ಚೀ’ ಅನ್ನುವ ದನಿ. ತಲೆ ಎತ್ತಿದರೆ ಬೆಳ್ಗಣ್ಣಗಳ ದೊಡ್ಡ ಗುಂಪು!

ಗುಬ್ಬಚ್ಚಿಗಿಂತ ಚಿಕ್ಕ ಹಕ್ಕಿ ಇದು, 8-9 ಸೆಂಟಿಮೀಟರ್ ಅಷ್ಟೆ. ಬೆನ್ನು ಹಸಿರು ಬೆರೆತ ಹಳದಿ, ಗಂಟಲು ಅಪ್ಪಟ ಹಳದಿ, ಹೊಟ್ಟೆ ಬೂದು ಬಿಳಿ. ಕಣ್ಣಿನ ಸುತ್ತ ಬಿಳಿ ಉಂಗುರ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಅದು ಪುಟಾಣಿ ಗರಿಗಳದ್ದು ಅಂತ ಗೊತ್ತಾಗುತ್ತೆ. ಗಂಡು ಹೆಣ್ಣು ಎರಡೂ ಒಂದೇ ಥರ.

ತಿನ್ನುವುದನ್ನು ನೋಡುತ್ತಾ ಎಷ್ಟು ಹೊತ್ತು ನಿಂತೆನೋ. ನಾಲಿಗೆಯ ತುದಿ ಕುಂಚದ ಹಾಗಿದ್ದು, ಮಕರಂದ ಹೀರಲು ಹೇಳಿ ಮಾಡಿಸಿದಂತಿದೆ. ಹೂವಿಗೆ ಕೊಕ್ಕು ಹಾಕಿದಾಗ ಹಣೆಗೆ ಪರಾಗ ಮೆತ್ತಿಕೊಳ್ಳುತ್ತೆ, ಅದೇ ಮುಂದಿನ ಹೂವಿಗೆ ಹೋಗುತ್ತೆ. ಒಂದು ಹಕ್ಕಿ ಪಕ್ಕದ ಮರದಲ್ಲಿ ತಲೆಕೆಳಗಾಗಿ ಜೋತು ಎಲೆಯಡಿಯ ಹುಳ ಹುಡುಕುತ್ತಿತ್ತು. ಬೇಲಿಯ ಲಂಟಾನ ಹಣ್ಣಿಗೂ ಎರಡು ಇಳಿದವು. ನೆಲಕ್ಕೆ ಬರುವುದು ತೀರಾ ಅಪರೂಪ.

ಹೂವು, ಹಣ್ಣು, ಹುಳ ಇರುವ ಮರಗಳಿದ್ದರೆ ಸಾಕು, ಬೆಳ್ಗಣ್ಣ ಎಲ್ಲಾದರೂ ಬದುಕುತ್ತೆ. ಗಿರಿಯ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚಲ್ಲೂ ಕಂಡೆ. ಪಕ್ಕದಲ್ಲೇ ಇನ್ನೊಂದು ತೋಟ, ಅಲ್ಲಿ ಬರೀ ಸಿಲ್ವರ್ ಓಕ್ ಸಾಲು, ಆಸ್ಟ್ರೇಲಿಯಾದಿಂದ ಬಂದ ಮರ. ನಾವು ನಡೆದಾಡಿದಷ್ಟು ಹೊತ್ತು ಅಲ್ಲಿ ಒಂದು ಬೆಳ್ಗಣ್ಣವೂ ಕಾಣಲಿಲ್ಲ. ಅತ್ತಿ, ಬಸರಿ, ಹಾಲುವಾಣ ಉಳಿಸಿಕೊಂಡ ತೋಟಗಳ ಮೇಲೆ ನನಗೆ ತುಂಬಾ ಗೌರವ.

ಕಾಫಿ ಕೊಟ್ಟ ತೋಟದ ಯಜಮಾನಿಯನ್ನು ಕೇಳಿದೆ, ‘ಅಕ್ಕಾ, ಮರಗಸಿ ಯಾವಾಗ?’ ಮರಗಸಿ ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಯುವುದು.

‘ಮಳೆ ಹಿಡಿಯೋಕೆ ಮುಂಚೆ, ಏಪ್ರಿಲ್ ಮೇಲೆ.’

ಬೆಳ್ಗಣ್ಣ ಜಾಸ್ತಿ ಗೂಡು ಕಟ್ಟುವುದೂ ಏಪ್ರಿಲ್ ಸುಮಾರಿಗೇ. ಕವಲು ಕಡ್ಡಿಯ ನಡುವೆ ನಾರು, ಜೇಡರ ಬಲೆ ಸೇರಿಸಿ ನೇತುಹಾಕಿದ ಪುಟ್ಟ ಬಟ್ಟಲು, ಒಳಗೆ ತಿಳಿನೀಲಿಯ 2-3 ಮೊಟ್ಟೆ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ, ಸುಮಾರು 10 ದಿನಕ್ಕೆ ಮರಿ. ಇದನ್ನೆಲ್ಲ ಹೇಳಿದೆ.

‘ಹೌದಾ? ಹಾಗಾದ್ರೆ ಕೊಂಬೆ ಕಡಿಯೋ ಮುಂಚೆ ಗೂಡಿದ್ಯಾ ನೋಡೋಕೆ ಹೇಳ್ತೀನಿ, ಇದ್ದರೆ ಆ ಮರ ಕೊನೆಗೆ ಇಟ್ಟುಕೊಳ್ಳಲಿ’ ಅಂದರು.