ರೂಲ್ ಸರಿ ಇದೆ, ಆದರೂ ಪೋರ್ಟ್ ಯಾಕೆ ತೆರೆಯುವುದಿಲ್ಲ?

ಮನೆಯೊಳಗಿನ ಕಂಪ್ಯೂಟರನ್ನು ಹೊರಗಿನವರು ಇಂಟರ್ನೆಟ್ ಮೂಲಕ ಮುಟ್ಟಬೇಕಾದರೆ, ಇಂಥ ಪೋರ್ಟಿಗೆ (ಅಂದರೆ ನಂಬರ್ ಇರುವ ಬಾಗಿಲಿಗೆ) ಬಂದದ್ದನ್ನು ಇಂಥ ಕಂಪ್ಯೂಟರಿಗೆ ಕಳಿಸು ಅಂತ ರೂಟರಿನಲ್ಲಿ ರೂಲ್ ಹಾಕಬೇಕು. ಅದೇ ಪೋರ್ಟ್ ಫಾರ್ವರ್ಡಿಂಗ್. ಅದು ಆಗ್ತಾ ಇಲ್ಲ ಅಂತ ಯಾರೇ ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಒಂದೇ ಮಾತು. ರೂಟರಿನ ಸ್ಟೇಟಸ್ ಪುಟದಲ್ಲಿ ವಾನ್ ಐಪಿ, ಅಂದರೆ ರೂಟರಿಗೆ ಹೊರಗಿನ ಕಡೆಯಿಂದ ಸಿಕ್ಕಿದ ವಿಳಾಸ, ಎಷ್ಟು ಅಂತ ಇದೆ? ಯಾವ ಕಂಪನಿಯ ರೂಟರ್, ರೂಲ್ ಹೇಗೆ ಹಾಕಿದ್ದೀರಿ, ಅದೆಲ್ಲ ಆಮೇಲೆ. ಆ ನಂಬರ್ ನೋಡದೆ ಸುಮ್ನೆ ಸೆಟ್ಟಿಂಗ್ ಬದಲಾಯಿಸುತ್ತಾ ಕೂತರೆ ಬೆಳಗಾಗುತ್ತದೆ, ಕೆಲಸ ಆಗುವುದಿಲ್ಲ.

ನಮ್ಮ ಮನೆ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗೆ, ಅಡಿಕೆ ತೋಟದ ಮಧ್ಯೆ. ಅಪ್ಪ ರೆಕಾರ್ಡ್ ಮಾಡಿಟ್ಟ ತಾಳಮದ್ದಳೆ ಕ್ಯಾಸೆಟ್‌ಗಳು ಒಂದು ಕಪಾಟು ತುಂಬ ಇವೆ. ನಮ್ಮ ಕಡೆಯ ಮಳೆಗೆ ಟೇಪು ಬೂಷ್ಟು ಹಿಡಿಯುವ ಮೊದಲು ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡೆ. ಈಗ ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಅದಕ್ಕೊಂದು ಹಾರ್ಡ್ ಡಿಸ್ಕ್, ಒಳಗೆ ನ್ಯಾವಿಡ್ರೋಮ್ ಅನ್ನುವ, ಆಡಿಯೋ ಕೇಳಿಸುವ ಉಚಿತ ಸಾಫ್ಟ್‌ವೇರ್. ಅದು 4533ನೇ ಪೋರ್ಟಿನಲ್ಲಿ ಕೆಲಸ ಮಾಡುತ್ತದೆ. ಬೆಂಗಳೂರಿನ ಅಕ್ಕ, ಮುಂಬಯಿಯ ಚಿಕ್ಕಪ್ಪ ತಮ್ಮ ಫೋನಿನಲ್ಲೇ ಅರ್ಥಗಾರಿಕೆ ಕೇಳಬೇಕು ಅನ್ನುವುದು ನನ್ನ ಆಸೆ. ಯಾವುದಾದರೂ ಕಂಪನಿಯ ಜಾಗಕ್ಕೆ ಹಾಕಬಹುದಿತ್ತು. ಆದರೆ ಅಪ್ಪ ಕೂಡಿಟ್ಟದ್ದು ಮನೆಯಲ್ಲೇ ಇರಬೇಕು, ಕೇಳುವವರು ಅಲ್ಲಿಂದಲೇ ಕೇಳಬೇಕು ಅಂತ ನನಗೆ ಹಟ.

ಮನೆಯ ವೈಫೈಯಲ್ಲಿ ಎಲ್ಲ ಚೆನ್ನಾಗಿತ್ತು. ಹೊರಗಿನಿಂದ ಮಾತ್ರ ಬರುತ್ತಿರಲಿಲ್ಲ. ನನ್ನ ರೂಟರಿನ ವಾನ್ ಐಪಿ ನೋಡಿದರೆ 192.168.1.5. ಇದು ಹೊರ ಜಗತ್ತಿನ ವಿಳಾಸವೇ ಅಲ್ಲ. 10ರಿಂದ ಶುರುವಾಗುವವು, 192.168ರವು, 172.16ರಿಂದ 172.31ರವರೆಗಿನವು ಮನೆ, ಆಫೀಸಿನ ಒಳಗಿನ ಬಳಕೆಗೆ ಮಾತ್ರ. ಅಂದರೆ ನನ್ನ ರೂಟರಿನ ಮುಂದೆ ಇನ್ನೊಂದು ರೂಟರ್ ಇದೆ ಅಂತ ಅರ್ಥ. ಕೇಬಲಿನವರು ಗೋಡೆಗೆ ಹೊಡೆದುಹೋದ ಫೈಬರ್ ಪೆಟ್ಟಿಗೆಯೇ ಅದು. ಅದರೊಳಗೆ ಹೋಗಿ ನೋಡಿದೆ. ಅದರ ವಾನ್ ಐಪಿ 100.81ರಿಂದ ಶುರುವಾಗುತ್ತದೆ. ಗೂಗಲಿನಲ್ಲಿ ನನ್ನ ಐಪಿ ಎಷ್ಟು ಅಂತ ಹುಡುಕಿದರೆ 103ರಿಂದ ಶುರುವಾಗುವ ಬೇರೆಯೇ ನಂಬರ್.

ಇಲ್ಲಿಗೆ ಅರ್ಧ ರೋಗ ಗೊತ್ತಾಯಿತು. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರ ಏಪ್ರಿಲ್‌ನಲ್ಲಿ ಇಂಟರ್ನೆಟ್ ಕೊಡುವವರ ಒಳಬಳಕೆಗೆ ಅಂತಲೇ ತೆಗೆದಿಟ್ಟಿದ್ದಾರೆ. ಸಿಜಿನ್ಯಾಟ್ ಅನ್ನುವುದು ಇದಕ್ಕೇ. ಬಹಳ ಮನೆಗಳಿಗೆ ಸೇರಿ ಹೊರಗೆ ಒಂದೇ ವಿಳಾಸ. ಮೊದಲೆಲ್ಲ ಊರಿಗೆಲ್ಲ ಸೇರಿ ಜಿನಸಿ ಅಂಗಡಿಯಲ್ಲಿ ಒಂದು ಫೋನ್ ಇರುತ್ತಿತ್ತು ಅಲ್ವಾ, ಹಾಗೆ. ಅಲ್ಲಿಂದ ಯಾರು ಬೇಕಾದರೂ ಹೊರಗೆ ಮಾತಾಡಬಹುದು. ಹೊರಗಿನಿಂದ ಕರೆ ಬಂದರೆ ಯಾರಿಗೆ ಅಂತ ಅಂಗಡಿಯವನಿಗೆ ಗೊತ್ತಿರಬೇಕು. ಸಿಜಿನ್ಯಾಟಿನ ಯಂತ್ರಕ್ಕೆ ಅದು ಗೊತ್ತಿರುವುದಿಲ್ಲ. ನಾನು ನನ್ನ ರೂಟರಿನಲ್ಲಿ ಎಷ್ಟೇ ರೂಲ್ ಹಾಕಿದರೂ ಪ್ಯಾಕೆಟ್, ಅಂದರೆ ಹೊರಗಿನಿಂದ ಹೊರಟ ಡೇಟಾದ ತುಣುಕು, ನಮ್ಮ ಮನೆವರೆಗೆ ಬಂದರೆ ತಾನೆ?

ಇದು ಕೇಬಲಿನವರು ಮಾಡುವ ಮೋಸ ಅಲ್ಲ. ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಒಟ್ಟು ಇರುವುದೇ ಸುಮಾರು 430 ಕೋಟಿ ವಿಳಾಸ. ಕೊನೆಯ ಕಂತುಗಳು 2011ರ ಫೆಬ್ರವರಿ 3ರಂದು ಹಂಚಿ ಮುಗಿದವು. ಏಷ್ಯಾ ಕಡೆ ಹಂಚುವ ಏಪ್ನಿಕ್ ಅದೇ ವರ್ಷದ ಏಪ್ರಿಲ್‌ನಿಂದ ರೇಷನ್ ಶುರು ಮಾಡಿತು. ಆಮೇಲೆ ಬಂದ ಸಣ್ಣ ಆಪರೇಟರುಗಳ ಪಾಲಿಗೆ ಸಿಕ್ಕಿದ್ದೇ ಸ್ವಲ್ಪ.

ಲೈನ್ ನೋಡುವ ಹುಡುಗನಿಗೆ ಫೋನ್ ಮಾಡಿದೆ. "ಮಾಷ್ಟ್ರೇ, ಯೂಟ್ಯೂಬ್ ಬರ್ತದಲ್ಲಾ?" ಅಂದ. ಬರ್ತದೆ ಅಂದೆ. "ಮತ್ತೆಂತ ಪ್ರಾಬ್ಲಂ?" ಅವನ ಪ್ರಶ್ನೆ ಸರಿಯೇ. ಹೆಚ್ಚಿನವರಿಗೆ ಬೇಕಾದದ್ದು ಒಳಗಿನಿಂದ ಹೊರಗೆ ಹೋಗುವ ದಾರಿ ಮಾತ್ರ. ಹಾಗಾಗಿ ಅವನ ಹತ್ತಿರ ಪೋರ್ಟ್ ಅನ್ನುವ ಮಾತೇ ತೆಗೆಯಬಾರದು. ಎರಡೇ ವಿಷಯ ಕೇಳಬೇಕು: ನನಗೆ ಸ್ಟ್ಯಾಟಿಕ್ ಪಬ್ಲಿಕ್ ಐಪಿ ಬೇಕು, ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ ಹಾಕಿಕೊಡಿ. ಸ್ಟ್ಯಾಟಿಕ್ ಪಬ್ಲಿಕ್ ಐಪಿ ಅಂದರೆ ಹೊರಗಿನವರಿಗೂ ಕಾಣುವ, ಬದಲಾಗದ, ನಮಗೊಬ್ಬರಿಗೇ ಇರುವ ವಿಳಾಸ. ಆಫೀಸಿನಲ್ಲಿ ಕೇಳಿ ತಿಂಗಳಿಗೆ ಸ್ವಲ್ಪ ಜಾಸ್ತಿ ದುಡ್ಡಿಗೆ ಕೊಟ್ಟರು. ಬ್ರಿಡ್ಜ್ ಮೋಡ್ ಆದಮೇಲೆ ಆ ಪೆಟ್ಟಿಗೆ ಫೈಬರನ್ನು ಸಾದಾ ತಂತಿಗೆ ಇಳಿಸುವ ಕೆಲಸ ಮಾತ್ರ ಮಾಡುತ್ತದೆ. ಕನೆಕ್ಷನ್ನಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ನಮ್ಮ ರೂಟರಿಗೆ ಹಾಕಬೇಕು. ಇದ್ದರೆ ವಿಲ್ಯಾನ್ ನಂಬರನ್ನೂ (ಅವರ ಲೈನಿನಲ್ಲಿ ಇಂಟರ್ನೆಟ್ಟನ್ನು ಗುರುತಿಸುವ ನಂಬರ್) ಅವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಈಗ ನನ್ನ ರೂಟರಿನ ವಾನ್ ಐಪಿಯೂ ಗೂಗಲ್ ತೋರಿಸುವ ಐಪಿಯೂ ಒಂದೇ.

ಇನ್ನು ಪರೀಕ್ಷೆ. ನಿಮ್ಮದೇ ವೈಫೈಯಲ್ಲಿ ಕೂತು ಹೊರಗಿನ ಐಪಿ ಒತ್ತಿ ನೋಡಬೇಡಿ. ಎಷ್ಟೋ ರೂಟರುಗಳು ಒಳಗಿನಿಂದ ಹೊರಟು ತಿರುಗಿ ಒಳಗೆ ಬರುವ ದಾರಿಯನ್ನು ಬಿಡುವುದಿಲ್ಲ. ಹೊರಗೆ ಸರಿಯಾಗಿದ್ದರೂ ಒಳಗೆ ಆಗಿಲ್ಲ ಅಂತಲೇ ಕಾಣುತ್ತದೆ. ಮೊಬೈಲ್ ಡೇಟಾದಲ್ಲೇ ನೋಡಬೇಕು.

ನನಗೆ ಅತಿ ಇಷ್ಟದ ಸಾಧನ ಟಿಸಿಪಿಡಂಪ್. ಬಂದು ಹೋಗುವ ಪ್ಯಾಕೆಟ್ಟುಗಳನ್ನು ಸಾಲು ಸಾಲಾಗಿ ತೋರಿಸುವ ಪ್ರೋಗ್ರಾಮ್ ಅದು. ಪೈಯಲ್ಲಿ ಅದನ್ನು 4533ಕ್ಕೆ ಕಾವಲು ಕೂರಿಸಿ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಈಗ ಒತ್ತು." ಪರದೆ ಮೇಲೆ ತಟ್ಟನೆ ಒಂದು ಸಾಲು ಬಂತು. ಅಕ್ಕನ ಕಡೆಯ ವಿಳಾಸ, ಬಾಣದ ಗುರುತು, 192.168.0.110.4533, ಪಕ್ಕದಲ್ಲಿ ಆವರಣದೊಳಗೆ ಎಸ್ ಅನ್ನುವ ಅಕ್ಷರ. ಸಂಪರ್ಕ ಕೇಳಿಕೊಂಡು ಬರುವ ಮೊದಲ ಪ್ಯಾಕೆಟ್ಟಿನ ಗುರುತು ಅದು. ಬಿಟ್ಟು ಬಿಟ್ಟು ಅದೇ ಸಾಲು ಮತ್ತೆ ಬಂತು, ಮತ್ತೊಮ್ಮೆ ಬಂತು. ಹಿಂದಕ್ಕೆ ಹೋಗುವ ಸಾಲು ಒಂದೂ ಇಲ್ಲ. "ಸುತ್ತುತ್ತಾ ಉಂಟು ಮಾರಾಯ, ಓಪನ್ ಆಗುದಿಲ್ಲ" ಅಂದಳು ಅಕ್ಕ. ನನಗೆ ಖುಷಿಯೇ ಆಯಿತು. ಬೆಂಗಳೂರಿನಿಂದ ಹೊರಟ ಪ್ಯಾಕೆಟ್ ಎಲ್ಲ ದಾಟಿ ನಮ್ಮ ಚಾವಡಿಯ ಪೈವರೆಗೆ ಬಂದಿದೆ. ಕೇಬಲಿನವರದ್ದು, ರೂಟರಿನದ್ದು ಎಲ್ಲ ಸರಿ ಇದೆ. ಉಳಿದದ್ದು ಪೈಯ ಫೈರ್‌ವಾಲ್ ಮಾತ್ರ. ಅದು ಮನೆಯೊಳಗಿನ ವಿಳಾಸಗಳಿಗಷ್ಟೇ ಒಪ್ಪಿಗೆ ಕೊಡುತ್ತಿತ್ತು. ಸಾಲೇ ಬರದಿದ್ದರೆ ತೊಂದರೆ ರೂಟರಿನಲ್ಲಿ ಅಥವಾ ಅದರಾಚೆ ಅಂತ ತಿಳಿಯಬಹುದು.

ಟಿಸಿಪಿಡಂಪ್ ಇಲ್ಲದವರು ಎರರ್ ಮಾತನ್ನಾದರೂ ಗಮನವಿಟ್ಟು ಓದಿ. ರಿಫ್ಯೂಸ್ಡ್ ಅಂತ ತಕ್ಷಣ ಬಂದರೆ ಯಾವುದೋ ಯಂತ್ರ ಬೇಡ ಅಂತ ಉತ್ತರ ಕೊಟ್ಟಿದೆ. ಹೆಚ್ಚಾಗಿ ಆ ಪೋರ್ಟಿನಲ್ಲಿ ಯಾವ ಪ್ರೋಗ್ರಾಮೂ ಓಡುತ್ತಿರುವುದಿಲ್ಲ. ಟೈಮ್ಡ್ ಔಟ್ ಅಂದರೆ ಉತ್ತರವೇ ಇಲ್ಲ, ದಾರಿಯಲ್ಲಿ ಯಾರೋ ಪ್ಯಾಕೆಟ್ಟನ್ನು ನುಂಗಿದ್ದಾರೆ.

ಇನ್ನೊಂದು, ನಮ್ಮ ಊರಿಗೆ ತುಂಬ ಬೇಕಾದದ್ದು. ಜೂನ್ ಬಂತೆಂದರೆ ಕರೆಂಟ್ ಹೋಗಿ ಬರುವುದು ದಿನದ ಮಾತು. ರೂಟರ್ ಮತ್ತೆ ಶುರುವಾದಾಗ ಐಪಿಯ ಕೊನೆಗೆ 110 ಇದ್ದ ಪೈಗೆ 113 ಸಿಗಬಹುದು. ರೂಲ್ ಮಾತ್ರ ಹಳೆ 110ನ್ನೇ ಹಿಡಿದುಕೊಂಡಿರುತ್ತದೆ. ನಿನ್ನೆ ಆಗ್ತಿತ್ತು ಇವತ್ತಿಲ್ಲ ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡುವುದು. ರೂಟರಿನ ಡಿಎಚ್‌ಸಿಪಿ ರಿಸರ್ವೇಶನ್ ಅನ್ನುವ ಸೆಟ್ಟಿಂಗಿನಲ್ಲಿ ಪೈಯ ಮ್ಯಾಕ್ ವಿಳಾಸಕ್ಕೆ (ಯಂತ್ರದ ಸ್ವಂತ ಗುರುತಿನ ನಂಬರಿಗೆ) ಒಂದೇ ಐಪಿ ಕಟ್ಟಿಬಿಡಿ.

ಈಗ ಖಡಾಖಂಡಿತ ಹೇಳುವ ಮಾತು. ತೋಟದ ಕ್ಯಾಮೆರಾದ ಡಿವಿಆರನ್ನು (ರೆಕಾರ್ಡ್ ಮಾಡುವ ಪೆಟ್ಟಿಗೆಯನ್ನು) ಹೀಗೆ ಬಯಲಿಗೆ ಬಿಡಬೇಡಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ಹಿಡಿದಿತ್ತು. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟದ್ದೇ ಅದಕ್ಕೆ ದಾರಿ. ಅವನ್ನು ಸೇರಿಸಿಕೊಂಡು ದೊಡ್ಡ ದೊಡ್ಡ ಸೈಟುಗಳನ್ನೇ ಬೀಳಿಸಿದರು. ರೂಟರಿನಲ್ಲಿ ಯುಪಿಎನ್‌ಪಿ ಆನ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ತಾನೇ ಕೇಳಿ ಪೋರ್ಟ್ ತೆರೆಸಿಕೊಳ್ಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ನಾನೂ 4533ನ್ನು ಹೊರಗಿನವರಿಗೆ ಮುಚ್ಚಿದ್ದೇನೆ. ಈಗ ತೆರೆದಿರುವುದು ವೈರ್‌ಗಾರ್ಡಿನ ಯುಡಿಪಿ 51820 ಒಂದೇ. ಕೀಲಿ ಇದ್ದವರು ಮಾತ್ರ ಮನೆಯ ನೆಟ್‌ವರ್ಕಿನೊಳಗೆ ಬರುವ ಗುಟ್ಟಿನ ದಾರಿ (ವಿಪಿಎನ್) ಅದು. ಕೀಲಿ ಇಲ್ಲದವರು ಎಷ್ಟು ತಟ್ಟಿದರೂ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಪೋರ್ಟ್ ಪರೀಕ್ಷೆ ಮಾಡುವ ಸೈಟುಗಳನ್ನು ನಂಬಿ ಅದು ತೆರೆದಿಲ್ಲ ಅಂದುಕೊಳ್ಳಬೇಡಿ. ಫೋನಿನಿಂದ ಕನೆಕ್ಟ್ ಮಾಡಿಯೇ ನೋಡಿ.

ಪಬ್ಲಿಕ್ ಐಪಿ ಸಿಗದಿದ್ದರೂ ದಾರಿ ಇದೆ. ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಹಾಕಿದರೆ ಎರಡೂ ಕಡೆಯವರು ಒಳಗಿನಿಂದಲೇ ಹೊರಟು ಮಧ್ಯದಲ್ಲಿ ಸೇರುತ್ತಾರೆ, ಪೋರ್ಟ್ ತೆರೆಯುವ ಪ್ರಶ್ನೆಯೇ ಬರುವುದಿಲ್ಲ. ವಿಳಾಸಕ್ಕೆ ಕೊರತೆಯೇ ಇಲ್ಲದ ಹೊಸ ಪದ್ಧತಿ ಐಪಿವಿ6 ಇದ್ದರೆ ಇನ್ನೂ ಚೆನ್ನ. ಪೈಗೆ ತನ್ನದೇ ವಿಳಾಸ, ಫೈರ್‌ವಾಲಿನಲ್ಲಿ ಒಪ್ಪಿಗೆ ಕೊಟ್ಟರಾಯಿತು. ಕೇಳುವವರ ಕಡೆಯೂ ಐಪಿವಿ6 ಇರಬೇಕು ಅಷ್ಟೇ. ಹೊಸ ಕನೆಕ್ಷನ್ ತೆಗೆದುಕೊಳ್ಳುವವರು ಸ್ಪೀಡ್ ಎಷ್ಟು ಅಂತ ಕೇಳುವಾಗಲೇ ಐಪಿವಿ6 ಉಂಟಾ ಅಂತಲೂ ಕೇಳಿ. ಕೇಳುವವರು ನಾಲ್ಕು ಜನ ಆದರೆ ಕೇಬಲಿನವರೂ ಆನ್ ಮಾಡಿಯಾರು.