17 ಡಾಲರಿನ ಗಿಟಾರು

ಅಮೆರಿಕದ ಟೆನೆಸಿ ರಾಜ್ಯದ ಹರಿಕೇನ್ ಮಿಲ್ಸ್ ಎಂಬ ಊರಿಗೆ ಹೋಗಬೇಕೆಂದು ನಾಲ್ಕು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೆ. ಕಳೆದ ಶನಿವಾರ ಹೋಗಿಬಂದೆ. ನ್ಯಾಶ್‌ವಿಲ್‌ನಿಂದ ಪಶ್ಚಿಮಕ್ಕೆ ಹೆದ್ದಾರಿ ಹಿಡಿದರೆ ಒಂದು ಗಂಟೆಗೂ ತುಸು ಹೆಚ್ಚಿನ ದಾರಿ. ಮಗನನ್ನು ಅವನ ಅಪ್ಪ ಫುಟ್‌ಬಾಲ್ ಅಭ್ಯಾಸಕ್ಕೆ ಕರೆದುಕೊಂಡು ಹೋದರು, ಮಗಳು ನನ್ನ ಜೊತೆ ಬಂದಳು. ಅರ್ಧ ಕಡಿದ ಚಕ್ಕುಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು.

ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ಹಾಡುಗಾರ್ತಿ ಲೊರೆಟ್ಟಾ ಲಿನ್ ಬಾಳಿದ ಜಾಗ ಅದು. 1966ರಲ್ಲಿ ಗಂಡಹೆಂಡತಿ ಕೊಂಡುಕೊಂಡ ಜಮೀನು, ಬಿಳಿ ಕಂಬಗಳ ದೊಡ್ಡ ಮನೆ. 2022ರ ಅಕ್ಟೋಬರ್ 4ರಂದು, ತಮ್ಮ 90ನೇ ವಯಸ್ಸಿನಲ್ಲಿ ಆಕೆ ಕಣ್ಣು ಮುಚ್ಚಿದ್ದೂ ಅಲ್ಲೇ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ದೊಡ್ಡ ಮನೆಯ ಮುಂದಲ್ಲ. ಕೆಂಟಕಿಯ ಬುಚರ್ ಹಾಲೋ ಎಂಬ ಕಣಿವೆಯಲ್ಲಿ ಆಕೆ ಬೆಳೆದ ಮರದ ಮನೆಯ ಪ್ರತಿರೂಪವನ್ನು ಅಲ್ಲಿ ಕಟ್ಟಿದ್ದಾರೆ. ಕಲ್ಲಿದ್ದಲು ಗಣಿಯ ಕಾರ್ಮಿಕನ ಎಂಟು ಮಕ್ಕಳಲ್ಲಿ ಎರಡನೆಯವರು ಲೊರೆಟ್ಟಾ. ಮಗಳು ಒಳಗೆಲ್ಲ ನೋಡಿ, "ಇಷ್ಟು ಜನರಲ್ಲಿ ಅವರ ಅಮ್ಮ ಎಲ್ಲಿ ಮಲಗುತ್ತಿದ್ದರು?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ.

ಈ ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ನಾನು ಮೂರು ಹಾಡು ಬರೆದುಕೊಟ್ಟಿದ್ದೆ. ಅಭ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಪ್ರೀತಿಯಿಂದಲೇ, "ಏನಮ್ಮಾ, ನೀನು ಇಲ್ಲಿದ್ದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಎರಡನ್ನೂ ಹೇಗೆ ತೂಗಿಸುತ್ತೀಯಾ?" ಎಂದರು. ಅದೇ ಹಾಡಿಗೆ ತಬಲಾ ನುಡಿಸುತ್ತಿದ್ದ ನನ್ನ ಗಂಡ ಎರಡು ಮಾರು ದೂರದಲ್ಲೇ ಕೂತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಆ ದಿನದಿಂದ ಈ 'ತೂಗಿಸುವುದು' ಎಂಬ ಮಾತು ನನಗೆ ಚುಚ್ಚುತ್ತಲೇ ಇದೆ. ಲೊರೆಟ್ಟಾ ತೀರಿಕೊಂಡಾಗಲೂ ಸಂಸಾರ, ಸಂಗೀತ ಎರಡನ್ನೂ ಸರಿದೂಗಿಸಿದವರು ಎಂದು ಹೊಗಳುವವರಿದ್ದರು. ಆಕೆಯ ಬದುಕನ್ನು ಓದಿಕೊಂಡಷ್ಟೂ ಅದು ನಿಜವಲ್ಲ ಅನ್ನಿಸುತ್ತದೆ.

1948ರ ಜನವರಿಯಲ್ಲಿ ಮದುವೆಯಾದಾಗ ಆಕೆಗೆ 15 ವರ್ಷ. ಗಂಡ ಡೂಲಿಟಲ್ ಕೆಲಸ ಹುಡುಕಿಕೊಂಡು ದೇಶದ ಇನ್ನೊಂದು ತುದಿಗೆ, ವಾಷಿಂಗ್ಟನ್ ರಾಜ್ಯದ ಕಸ್ಟರ್ ಎಂಬ ಊರಿಗೆ ಕರೆದುಕೊಂಡು ಹೋದ. ವಯಸ್ಸು 20 ತುಂಬುವುದರೊಳಗೆ ನಾಲ್ಕು ಮಕ್ಕಳು. ತವರು ದೂರ, ಮೈತುಂಬ ಕೆಲಸ. ಮಕ್ಕಳನ್ನು ಮಲಗಿಸುವಾಗ ಹಾಡುತ್ತಿದ್ದರು. ಆ ದನಿ ಕೇಳಿಯೇ ಗಂಡ 1953ರಲ್ಲಿ 17 ಡಾಲರ್ ಕೊಟ್ಟು ಗಿಟಾರು ತಂದುಕೊಟ್ಟದ್ದು. ನುಡಿಸುವುದನ್ನು ತಾವೇ ಕಲಿತರು. 1960ರಲ್ಲಿ ಸ್ವಂತ ಹಾಡಿನ ಮೊದಲ ಧ್ವನಿಮುದ್ರಿಕೆ ಬಂದಾಗ ಗಂಡಹೆಂಡತಿ ಕಾರಿನಲ್ಲಿ ಒಂದು ರೇಡಿಯೋ ಕೇಂದ್ರದಿಂದ ಇನ್ನೊಂದಕ್ಕೆ ಅಲೆದು, ಹಾಡು ಹಾಕಿ ಎಂದು ಕೇಳಿಕೊಂಡರು. ಅದು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿತು. ಆ ವರ್ಷವೇ ಕಂಟ್ರಿ ಸಂಗೀತದ ಹೆಸರಾಂತ ರೇಡಿಯೋ ಕಾರ್ಯಕ್ರಮವಾದ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆ ಹತ್ತಿದರು.

ಅದೇ ಗಂಡ ಕುಡಿಯುತ್ತಿದ್ದ, ಬೇರೆ ಹೆಂಗಸರ ಹಿಂದೆಯೂ ಹೋಗುತ್ತಿದ್ದ. ಇವರು ಅದನ್ನು ಸೆರಗಿನಲ್ಲಿ ಮುಚ್ಚಿಡಲಿಲ್ಲ, ಹಾಡು ಕಟ್ಟಿದರು. ಕಾರ್ಯಕ್ರಮವೊಂದಕ್ಕೆ ಮೊದಲು ಹೆಂಗಸೊಬ್ಬಳು ವೇದಿಕೆಯ ಹಿಂದಕ್ಕೆ ಬಂದು, ಗಂಡ ಇನ್ನೊಬ್ಬಳನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದಾನೆಂದು ಅತ್ತಳಂತೆ. ಲೊರೆಟ್ಟಾ ಪರದೆ ಸರಿಸಿ ಆ ಇನ್ನೊಬ್ಬಳನ್ನು ನೋಡಿದರು, ಇವಳಿಗೆ ಧೈರ್ಯ ಹೇಳಿದರು, ಹೇಳಿದ ಮಾತನ್ನೇ ಹಾಡು ಮಾಡಿದರು. 1966ರಲ್ಲಿ ಅದು ಮನೆಮನೆಯ ರೇಡಿಯೋದಲ್ಲಿ ಕೇಳಿಸಿತು.

ಇದನ್ನು ಮೊದಲ ಬಾರಿ ಓದಿದಾಗ ನನಗೆ ನೆನಪಾದದ್ದು ಅರಸೀಕೆರೆ ಕಡೆಯ ನಮ್ಮ ಅಜ್ಜಿ. ರಾಗಿ ಬೀಸುವಾಗ ಅವರು ಪದ ಕಟ್ಟುತ್ತಿದ್ದರು. ಅತ್ತೆಯ ಮೇಲಿನ ಸಿಟ್ಟು, ತವರಿನಿಂದ ಬಾರದ ಅಣ್ಣ, ಎಲ್ಲವೂ ಗೂಟ ತಿರುಗಿಸುವ ಲಯದಲ್ಲೇ ಬರುತ್ತಿದ್ದವು. ಕಲ್ಲು ನಿಂತರೆ ಪದವೂ ನಿಲ್ಲುತ್ತಿತ್ತು. ಒಂದನ್ನೂ ಯಾರೂ ಬರೆದಿಟ್ಟುಕೊಳ್ಳಲಿಲ್ಲ, ನಾನೂ ಬರೆದಿಟ್ಟುಕೊಳ್ಳಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ.

ಗಣಿ ಕಾರ್ಮಿಕನ ಮಗಳೆಂದು ತನ್ನ ಬಾಲ್ಯವನ್ನು ಹೇಳಿಕೊಳ್ಳುವ, 1970ರಲ್ಲಿ ಹೊರಬಂದ ಆ ಪ್ರಸಿದ್ಧ ಹಾಡಿಗೆ ಮೊದಲು ಇನ್ನೂ ಹಲವು ನುಡಿಗಳಿದ್ದವು. ಬಹಳ ಉದ್ದವಾಯಿತೆಂದು ನಿರ್ಮಾಪಕ ಓವನ್ ಬ್ರ್ಯಾಡ್ಲಿ ಕಡಿಮೆ ಮಾಡಿಸಿದರು. ಉಳಿದದ್ದರಲ್ಲಿ ಅಮ್ಮ ಬಟ್ಟೆ ಉಜ್ಜಿ ಉಜ್ಜಿ ರಕ್ತ ಬಂದ ಬೆರಳುಗಳಿವೆ. ಬರೆಯಲು ಕೂತಾಗಲೆಲ್ಲ ಆ ಬೆರಳುಗಳನ್ನು ನೆನೆಯುತ್ತೇನೆ. 'ಅಮ್ಮನ ತ್ಯಾಗ' ಎಂದು ಬರೆದಿದ್ದರೆ ಯಾರ ಮನಸ್ಸಿನಲ್ಲೂ ಅದು ನಿಲ್ಲುತ್ತಿರಲಿಲ್ಲ.

1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ 'ವರ್ಷದ ಕಲಾವಿದರು' ಗೌರವ ಬಂತು. ಹೆಣ್ಣಿಗೆ ಅದು ಸಿಕ್ಕಿದ್ದು ಅದೇ ಮೊದಲು. ಗರ್ಭನಿರೋಧಕ ಮಾತ್ರೆಯ ಕುರಿತ ಹಾಡನ್ನು ಆ ವರ್ಷವೇ ಹಾಡಿದ್ದರೂ ಅದು ಹೊರಬರಲು 1975 ಆಯಿತು, ಹಲವು ರೇಡಿಯೋ ಕೇಂದ್ರಗಳು ಆಗಲೂ ಹಾಕಲಿಲ್ಲ. ಆರು ಮಕ್ಕಳನ್ನು ಹೆತ್ತವರು ಹಾಡಿದ್ದು ಅದು. ಅದನ್ನು ಹಾಡಲು ಅವರಿಗಿಂತ ಹಕ್ಕುಳ್ಳವರು ಇನ್ನು ಯಾರಿದ್ದರು?

ಆದರೆ ಕಳೆದುಕೊಂಡದ್ದೂ ಸಣ್ಣದಲ್ಲ. 1964ರಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟುವ ಹೊತ್ತಿಗೆ ಊರೂರು ತಿರುಗುವುದೇ ಬದುಕಾಗಿತ್ತು. ಮನೆಯಲ್ಲಿದ್ದು ಆ ಮಕ್ಕಳನ್ನು ನೋಡಿಕೊಂಡವನು ಡೂಲಿಟಲ್. 1984ರಲ್ಲಿ ಹಿರಿಯ ಮಗ ಮನೆಯ ಜಮೀನಿನಲ್ಲೇ ಹರಿಯುವ ಡಕ್ ನದಿಯಲ್ಲಿ ಮುಳುಗಿ ಸತ್ತಾಗ, ಲೊರೆಟ್ಟಾ ಪ್ರವಾಸದ ಬಳಲಿಕೆಯಿಂದ ಇಲಿನಾಯ್‌ನ ಆಸ್ಪತ್ರೆಯಲ್ಲಿದ್ದರು. ಗಂಡನೇ ಅಲ್ಲಿಗೆ ಹೋಗಿ ವಿಷಯ ಹೇಳಬೇಕಾಯಿತು. ಇಂಥದ್ದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗುವುದು? ಮುಂದೆ ಅದೇ ಗಂಡ ಹಾಸಿಗೆ ಹಿಡಿದಾಗ ಕಾರ್ಯಕ್ರಮಗಳನ್ನು ಕಡಿಮೆ ಮಾಡಿ, 1996ರಲ್ಲಿ ಅವನು ತೀರಿಕೊಳ್ಳುವವರೆಗೆ ಆರೈಕೆ ಮಾಡಿದರು. 2004ರಲ್ಲಿ, 72ನೇ ವಯಸ್ಸಿನಲ್ಲಿ ತಂದ ಹಾಡುಗಳಿಗೆ ಗ್ರ್ಯಾಮಿ ಬಂತು. ಕೆಲವು ವರ್ಷ ಹಾಡು ಮನೆಯನ್ನು ನುಂಗಿತು, ಕೆಲವು ವರ್ಷ ಮನೆ ಹಾಡನ್ನು ನುಂಗಿತು. ಅವಳಿ ಮಕ್ಕಳು ಬೆಳೆಯುವುದನ್ನು ನೋಡಲಾಗಲಿಲ್ಲವೆಂದು ಆಕೆ ಬಾಯಿಬಿಟ್ಟು ಹೇಳಿಕೊಂಡರು. ನನಗೆ ಆಕೆಯಲ್ಲಿ ತುಂಬ ಹಿಡಿಸಿದ್ದು ಇದೇ.

ಅರಸೀಕೆರೆಯಿಂದ ಅಮ್ಮ "ಊಟ ಆಯಿತಾ?" ಎಂದು ಸಂಜೆ ಫೋನ್ ಮಾಡುವಾಗ ಇಲ್ಲಿ ನಾನು ಮಕ್ಕಳ ಬುತ್ತಿ ಕಟ್ಟುತ್ತಿರುತ್ತೇನೆ. ಅದರ ಮೇಲೊಂದು ಹಾಡು ಬರೆಯುತ್ತಿದ್ದೇನೆ. ಎರಡು ನುಡಿ ಆಗಿ ವಾರಗಟ್ಟಲೆ ನಿಂತುಹೋಗಿತ್ತು. ವಾಪಸು ಬರುವಾಗ, ಅಮ್ಮ ಎಲ್ಲಿ ಮಲಗುತ್ತಿದ್ದರು ಎಂಬ ಮಗಳ ಪ್ರಶ್ನೆಯಿಂದಲೇ ಮೂರನೇ ನುಡಿ ಹೊರಟಿತು. ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ, ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿ ಹಾಡತೊಡಗಿದೆ. ಮೂರು ಸಾಲು ಆಗಿತ್ತು, ಹಿಂದಿನಿಂದ "ಅಮ್ಮಾ, ನೀರು" ಎಂದಳು. ಬಾಟಲಿಯ ಮುಚ್ಚಳ ತೆಗೆದು ಕೊಟ್ಟು ತಿರುಗುವಷ್ಟರಲ್ಲಿ ನಾಲ್ಕನೇ ಸಾಲು ಹೋಗಿಬಿಟ್ಟಿತ್ತು.

ಮನೆಗೆ ಬಂದ ಮೇಲೆ ಹಲವು ಸಲ ಕೇಳಿದ್ದೇನೆ. ಮೂರು ಸಾಲು, ಅವಳ ದನಿ, ನೀರು ಗುಟುಕರಿಸುವ ಸದ್ದು. ಅದನ್ನು ಅಳಿಸಿಲ್ಲ. ಇವತ್ತು ಇಬ್ಬರೂ ಮಲಗಿದ ಮೇಲೆ ಮತ್ತೆ ಕೂರುತ್ತೇನೆ.