ತಂಗಿಯ ಅರ್ಜಿಯಲ್ಲಿ ಸಿಂಧನೂರಿನ ಬಣವೆ

ಅಮೆರಿಕದಲ್ಲಿ ಓದುತ್ತಿರುವ ನಮ್ಮ ಚಿಕ್ಕಪ್ಪನ ಮಗಳು ಈ ವರ್ಷ ಎಂಡಿ-ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದಾಳೆ. ಡಾಕ್ಟರಿಕೆಯೂ ಸಂಶೋಧನೆಯೂ ಒಟ್ಟಿಗೆ, ಏಳೆಂಟು ವರ್ಷದ ಓದು. ಅದಕ್ಕೆ ಎರಡು ಪ್ರಬಂಧ ಜಾಸ್ತಿ ಬರೆಯಬೇಕು. ಎರಡೂ ಪದವಿ ಯಾಕೆ ಬೇಕು ಅನ್ನೋದಕ್ಕೆ 3,000 ಅಕ್ಷರ, ಈವರೆಗೆ ಮಾಡಿದ ಸಂಶೋಧನೆಗೆ 10,000. ನಾನು ಬಳ್ಳಾರಿಯಲ್ಲಿ ಡಾಕ್ಟರ್ ಅಲ್ವಾ, ಕರಡು ನನಗೆ ಬಂತು.

"ಚಿಕ್ಕಂದಿನಿಂದ ವಿಜ್ಞಾನ ಅಂದ್ರೆ ಇಷ್ಟ, ಜನರ ಸೇವೆ ಮಾಡುವಾಸೆ" ಅಂತ ಶುರು. ಸುಳ್ಳಲ್ಲ. ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದು. ಫೋನ್ ಮಾಡಿ, "ಸಿಂಧನೂರಿನ ಬಣವೆ ಎಲ್ಲಿ ಹೋಯ್ತು?" ಅಂತ ಕೇಳಿದೆ.

"ಅಣ್ಣಾ, ಅದನ್ನೆಲ್ಲ ಬರೀಬಹುದಾ?"

ಅದನ್ನೇ ಬರೆಯಬೇಕು. ಮೂರು ವರ್ಷದ ಹಿಂದೆ ಅವಳು ರಜೆಗೆ ಬಂದಾಗ, ನಮ್ಮ ಹೊಲಕ್ಕೆ ಬರುವ ಒಬ್ಬರಿಗೆ ಬಣವೆಯಿಂದ ಹುಲ್ಲು ಹಿರಿಯುವಾಗ ಕೊಳಕುಮಂಡಲ ಹಾವು ಕಚ್ಚಿತ್ತು. ಆಸ್ಪತ್ರೆಯಲ್ಲಿ ಅವರ ರಕ್ತವನ್ನು ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ವಾಲಿಸಿ ನೋಡಿದರೆ ನೀರಿನ ಹಾಗೆ ಹರಿಯಿತು. ಯಾಕೆ ಅಂತ ಅವಳು ರಾತ್ರಿಯೆಲ್ಲ ಕೇಳಿದಳು. ಈ ವಿಷ ಹೆಪ್ಪುಗಟ್ಟುವ ಪ್ರೋಟೀನ್‌ಗಳನ್ನು ಒಮ್ಮೆಲೇ ಕೆರಳಿಸಿ ಖಾಲಿ ಮಾಡಿಬಿಡುತ್ತದೆ, ಆಮೇಲೆ ಹೆಪ್ಪುಗಟ್ಟಲು ಏನೂ ಉಳಿಯೋದಿಲ್ಲ. ಆ್ಯಂಟಿವೆನಮ್ ಕೊಟ್ಟ ಮೇಲೆ ರಕ್ತ ಸರಿಹೋಯಿತು, ಕಿಡ್ನಿ ಮಾತ್ರ ಸರಿಹೋಗಲಿಲ್ಲ. ವಾರಗಟ್ಟಲೆ ಡಯಾಲಿಸಿಸ್ ಆಯಿತು.

ಈಗ ಅವಳು ಲ್ಯಾಬಿನಲ್ಲಿ ಕೆಲಸ ಮಾಡುತ್ತಿರುವುದೂ ಅದೇ ಪ್ರೋಟೀನ್‌ಗಳ ಮೇಲೆ! ಎರಡನ್ನೂ ಜೋಡಿಸಿರಲೇ ಇಲ್ಲ. ಜೋಡಿಸಿದ ಕೂಡಲೇ ಒಂದು ಪ್ರಶ್ನೆ ಸಿಕ್ಕಿತು: ಒಂದೇ ಜಾತಿಯ ಹಾವು ಕಚ್ಚಿದರೂ ಒಬ್ಬರ ಕಿಡ್ನಿ ಕೈಕೊಡುತ್ತದೆ, ಇನ್ನೊಬ್ಬರದು ಉಳಿಯುತ್ತದೆ, ಯಾಕೆ? ಹಾಸಿಗೆ ಪಕ್ಕ ನಿಲ್ಲದವರಿಗೆ ಈ ಪ್ರಶ್ನೆ ಹುಟ್ಟೋದು ಕಷ್ಟ. ಲ್ಯಾಬ್ ಇಲ್ಲದವರಿಗೆ ಉತ್ತರ ಸಿಗೋದು ಕಷ್ಟ. ಎರಡೂ ಪದವಿ ಯಾಕೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾ? 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿದ್ದನ್ನೂ ಒಂದು ಸಾಲಲ್ಲಿ ಹೇಳು ಅಂದೆ, ಅಲ್ಲಿ ಓದುವವರಿಗೆ ನಮ್ಮ ಬಣವೆ ಗೊತ್ತಿರಲ್ಲ.

ಮುಂದಿನ ಗುರಿ ಅಂತ "ಲಕ್ಷಾಂತರ ಜನರ ಬದುಕು ಬದಲಿಸುತ್ತೇನೆ" ಅಂತ ಬರೆದಿದ್ದಳು. ಅದು ಬೇಡ, ನಿನ್ನ ಒಂದು ವಾರ ಹೇಗಿರುತ್ತೆ ಅಂತ ಬರಿ ಅಂದೆ. ಎರಡೂ ಪದವಿ ಮಾಡಿದವರಲ್ಲಿ ತುಂಬ ಜನ 80 ಭಾಗ ಲ್ಯಾಬು, 20 ಭಾಗ ರೋಗಿಗಳು ಅಂತ ಸಮಯ ಹಂಚಿಕೊಳ್ಳುತ್ತಾರೆ. ಕಿಡ್ನಿ ಡಾಕ್ಟರ್ ಆಗಿ, ಲ್ಯಾಬಿನಲ್ಲಿ ಈ ಪ್ರಶ್ನೆ ಹಿಡಿಯುತ್ತೇನೆ ಅಂತ ತಿದ್ದಿದಳು. ಮುಂದೆ ಪ್ರಶ್ನೆ ಬದಲಾದರೂ ಪರವಾಗಿಲ್ಲ, ಈಗ ಒಂದು ಇರಬೇಕು.

ದೊಡ್ಡ ಪ್ರಬಂಧದ ತುಂಬ "ನಾವು ಮಾಡಿದೆವು". ನೀನು ಏನು ಮಾಡಿದೆ? ಪ್ಲಾಸ್ಮಾವನ್ನು, ಅಂದ್ರೆ ರಕ್ತದ ದ್ರವ ಭಾಗವನ್ನು, ಮತ್ತೆ ಮತ್ತೆ ಕರಗಿಸಿ ಫ್ರೀಜ್ ಮಾಡಿದ್ದಕ್ಕೆ ಅದರ ಹೆಪ್ಪುಗಟ್ಟುವ ಗುಣ ಹೋಗಿ, ತಿಂಗಳುಗಟ್ಟಲೆ ಮಾಡಿದ ಕೆಲಸ ಕೆಟ್ಟಿತ್ತು. ಅದನ್ನು ಪತ್ತೆ ಮಾಡಿದ್ದು ಇವಳೇ. ನಾಚಿಕೆ ಅಂತ ಅದನ್ನೇ ಅಳಿಸಿದ್ದಳು! ಬೈದು ವಾಪಸ್ ಹಾಕಿಸಿದೆ.

ಕಳಿಸುವ ಮುಂಚೆ ಚಿಕ್ಕಪ್ಪನ ಕೈಲಿ, ಹಾವು ಕಚ್ಚಿಸಿಕೊಂಡಿದ್ದವರ ಒಪ್ಪಿಗೆಯನ್ನೂ ಕೇಳಿಸಿದಳು. "ಹೆಸರು ಬ್ಯಾಡವ್ವ, ಊರ ಹೆಸರು ಹಾಕು" ಅಂದರಂತೆ.